ರೀಡ್ ತುಕ್ಕು ಹುಡುಕ್ಬೇಕಾ? ಮೊದ್ಲು ಪಕ್ಕದ ಗಿಡ ನೋಡಿ

ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್ ಕಡೆ ಇರೋ ನಮ್ಮವ್ರು ವೀಕೆಂಡ್ ವಾಕ್ ಹೋದಾಗ ನೀರಂಚಲ್ಲಿ ಆಳೆತ್ತರ ಮೀರಿ ನಿಂತಿರೋ ರೀಡ್ ಅನ್ನೋ ಹುಲ್ಲು ನೋಡೇ ಇರ್ತೀರ, ನಮ್ಮೂರ ಕೆರೆ ಜೊಂಡು ನೆನಪಾಗುತ್ತೆ, ಅಲ್ಲಿ ಮನೆ ಛಾವಣಿಗೆ ಹೊದಿಸೋದೂ ಇದನ್ನೇ. ಇದ್ರ ಎಲೆಗೆ ಹತ್ತೋ ತುಕ್ಕು ಶಿಲೀಂಧ್ರದ ಹೆಸ್ರು ಪಕ್ಸಿನಿಯಾ ಫ್ರಾಗ್ಮಿಟಿಸ್. ಕಾಫಿ ತೋಟದವ್ರಿಗೆ ಎಲೆ ತುಕ್ಕು ಗೊತ್ತಲ್ವಾ, ಇದೂ ಅದೇ ಗುಂಪಿಂದು.

ಎಲ್ರೂ ಮಾಡೋ ತಪ್ಪು ಅಂದ್ರೆ ಸೀದಾ ರೀಡ್ ಹತ್ರ ಹೋಗೋದು. ಈ ತುಕ್ಕಿಗೆ ಎರಡು ಮನೆ, ವಸಂತದಲ್ಲಿ ಡಾಕ್ ಅನ್ನೋ ಗಿಡ, ಆಮೇಲೆ ರೀಡ್. ಮೇ ತಿಂಗಳಲ್ಲಿ ಹೋದ್ರೆ ರೀಡ್ ಬಿಡಿ, ಅದ್ರ ಆಸುಪಾಸಲ್ಲಿ ಬೆಳ್ದಿರೋ ಡಾಕ್ ಗಿಡ ಹುಡುಕಿ, ನಮ್ಮ ಹುಳಿ ಚುಕ್ಕಿ ಸೊಪ್ಪಿನ ಕುಲದ್ದೇ ಅದು, ಎಲೆ ಮಾತ್ರ ಇನ್ನೂ ಅಗಲ. ಎಲೆ ಮೇಲೆ ಕುಂಕುಮ ಇಟ್ಟಂಗೆ ದುಂಡನೆ ಕೆಂಪು ಮಚ್ಚೆ ಕಂಡ್ರೆ ಅಲ್ಲೇ ನಿಲ್ಲಿ, ಎಲೆ ಮಗುಚಿ, 10ಎಕ್ಸ್ ಲೆನ್ಸ್ ಹಿಡ್ದು ನೋಡಿ. ಪುಟ್ಟ ಪುಟ್ಟ ಬಿಳಿ ಬಟ್ಟಲು ಗುಂಪಾಗಿ ಕೂತಿರ್ತವೆ, ಅಂಚು ಹರಿದ ಹಾಗಿರುತ್ತೆ, ಮೊದಲ ಸಲ ನೋಡಿದಾಗ ನಾನು ಮಂಡಿಯೂರಿ ಕೂತೋಳು ಎಷ್ಟೋ ಹೊತ್ತು ಏಳ್ಲೇ ಇಲ್ಲ, ಅಷ್ಟು ಚಂದ. ಬಟ್ಟಲು ಇಲ್ದೆ ಬರೀ ಕೆಂಪು ಮಚ್ಚೆ ಇದ್ರೆ ತುಕ್ಕು ಅಂತ ಬರ್ಕೋಬೇಡಿ, ರಾಮುಲೇರಿಯಾ ಅನ್ನೋ ಬೇರೆ ಶಿಲೀಂಧ್ರನೂ ಡಾಕ್ ಎಲೆ ಮೇಲೆ ಇದೇ ಥರ ಕೆಂಪು ಮಾಡುತ್ತೆ.

ಆ ಬಟ್ಟಲಿನ ಬೀಜಕಣ ಮತ್ತೆ ಡಾಕ್‌ಗೆ ಹತ್ತಲ್ಲ, ಗಾಳಿಲಿ ಹಾರಿ ರೀಡ್‌ಗೇ ಹೋಗ್ಬೇಕು. ಮೇ ಕಳೆದು ಅಲ್ಲಿನ ಬೇಸಿಗೆ ಬಂದಾಗ ರೀಡ್ ಎಲೆ ಮೇಲೆ ಕಂದು ಗುಳ್ಳೆ ಏಳ್ತವೆ, ಉಜ್ಜಿದ್ರೆ ಬೆರಳಿಗೆ ಪುಡಿ ಹತ್ತುತ್ತೆ, ಈ ಪುಡಿ ಮಾತ್ರ ರೀಡಿಂದ ರೀಡಿಗೆ ಹರಡೋದು. ಆಮೇಲೆ ಆಗಸ್ಟ್ ಕಳೀತಿದ್ದಂಗೆ ಕಡು ಕಂದು, ಕಪ್ಪು ಉಬ್ಬು ಬರುತ್ತೆ, ಒಣಗಿದ ಎಲೆ ಮೇಲೆ ಚಳಿಗಾಲ ಪೂರ್ತಿ ಹಂಗೇ ಇರುತ್ತೆ, ವಸಂತ ಬಂದಾಗ ಅದೇ ಮೊಳೆತು ಮತ್ತೆ ಡಾಕ್‌ಗೆ. ಹಾಗಾಗಿ ಡಿಸೆಂಬರ್‌ನಲ್ಲಿ ಹೋದ್ರೂ ಬರಿಗೈಲಿ ಬರೋ ಹಾಗಿಲ್ಲ, ಬುಡದಲ್ಲಿ ಬಿದ್ದಿರೋ ಎಲೆ ಎತ್ತಿ ನೋಡಿ.

ರೀಡ್ ಮೇಲೆ ಪಕ್ಸಿನಿಯಾ ಮ್ಯಾಗ್ನೂಸಿಯಾನಾ ಅಂತ ಇನ್ನೊಂದು ತುಕ್ಕೂ ಇದೆ, ಅದ್ರ ಎರಡನೇ ಮನೆ ಡಾಕ್ ಅಲ್ಲ, ಹಳದಿ ಹೂವಿನ ಬಟರ್‌ಕಪ್. ಮೈಕ್ರೋಸ್ಕೋಪ್ ಇದ್ರೆ ಕಪ್ಪು ಉಬ್ಬನ್ನ ಬ್ಲೇಡಲ್ಲಿ ಸ್ವಲ್ಪ ಕೆರೆದು ಒಂದು ಹನಿ ನೀರಲ್ಲಿ ಇಡಿ, ಎರಡು ಕೋಣೆಯ ಬೀಜಕಣಕ್ಕೆ ಉದ್ದನೆ ತೊಟ್ಟಿದ್ರೆ ಫ್ರಾಗ್ಮಿಟಿಸ್, ಗಿಡ್ಡ ತೊಟ್ಟಿದ್ರೆ ಮ್ಯಾಗ್ನೂಸಿಯಾನಾ.

ಎಲೆ ತರೋದಾದ್ರೆ ಪೇಪರ್ ಕವರಲ್ಲಿ ತನ್ನಿ, ಪ್ಲಾಸ್ಟಿಕ್‌ನಲ್ಲಿ ಬೆವೆತು ಬೂಷ್ಟು ಹಿಡಿಯುತ್ತೆ. ಒಂದೆರಡು ಎಲೆ ಸಾಕು, ಅದೂ ಜಾಗದವ್ರನ್ನ ಕೇಳ್ಕೊಂಡು. ಇನ್ನೊಂದು ಮಾತು ದಯವಿಟ್ಟು ಕೇಳಿ, ವಸಂತದಿಂದ ಬೇಸಿಗೆವರೆಗೆ ರೀಡ್ ಒಳಗೆ ನುಗ್ಬೇಡಿ, ಬಿಟರ್ನ್, ಮಾರ್ಷ್ ಹ್ಯಾರಿಯರ್ ಹಕ್ಕಿಗಳು ಅಲ್ಲೇ ಗೂಡು ಕಟ್ಟಿರ್ತವೆ, ದಾರಿ ಅಂಚಲ್ಲಿ ನಿಂತ್ರೇ ನಿಮಗೆ ಬೇಕಾಗಿದ್ದೆಲ್ಲ ಸಿಗುತ್ತೆ.