ಲೋಕಲ್ ಫೋಟೊದಲ್ಲಿ ಬೋರ್ಡು ಅರ್ಧ ಮಾಯವಾದರೆ

ಮುಂಬಯಿ ಲೋಕಲ್ ರೈಲಿನ ಫೋಟೊಗಳಲ್ಲಿ ಗಾಡಿಯ ಮುಂದಿನ ಎಲ್‌ಇಡಿ ಬೋರ್ಡು ಅರ್ಧಂಬರ್ಧ ಕಾಣುತ್ತದಲ್ಲ, ಅದು ಕ್ಯಾಮೆರಾ ಕೆಟ್ಟಿದ್ದಲ್ಲ. ಎಲ್‌ಇಡಿ ದೀಪಗಳು ಕಣ್ಣಿಗೆ ತಿಳಿಯದಷ್ಟು ಬೇಗ ಹೊತ್ತಿ ಆರುತ್ತಿರುತ್ತವೆ. ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಸೆಕೆಂಡಿನ 1/1000ರಲ್ಲಿದ್ದರೆ ಆರಿದ ಸಾಲುಗಳೂ ಸಿಕ್ಕಿಬೀಳುತ್ತವೆ. 1/100ರ ಆಸುಪಾಸಿಗೆ ಇಳಿಸಿ ನೋಡಿ, ಗಾಡಿ ಸ್ಲೋನೋ (ಎಲ್ಲ ನಿಲ್ದಾಣದಲ್ಲೂ ನಿಲ್ಲುವುದು) ಫಾಸ್ಟೋ (ಕೆಲವನ್ನು ಬಿಟ್ಟು ಹೋಗುವುದು) ಸ್ಪಷ್ಟವಾಗಿ ಓದಬಹುದು. ಆಗ ಓಡುವ ಗಾಡಿ ಮಸುಕಾಗುತ್ತದೆ, ನಿಜ. ಅದಕ್ಕೇ ದಾದರ್ ನಿಲ್ದಾಣವಾಗಲಿ ಠಾಣೆ ನಿಲ್ದಾಣವಾಗಲಿ, ಗಾಡಿಯ ಮೂತಿ ಬಂದು ನಿಲ್ಲುವ ತುದಿಯಲ್ಲಿ ಕಾಯಿರಿ. ಅಲ್ಲಿ ಅದು ತೆವಳುತ್ತಿರುತ್ತದೆ. ಹಳದಿ ಗೆರೆಯ ಹಿಂದೆಯೇ ಇರಿ. ಸೆಲ್ಫಿ ಕೋಲು ಎತ್ತಲೇಬೇಡಿ ಮಾರಾಯ್ರೆ, ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ.

ಇನ್ನು ಇಂಥ ಫೋಟೊ ನೋಡಿ ಅಭಿಪ್ರಾಯ ಹೇಳುವವರು ಬರೀ ‘ಸೂಪರ್’ ಅಂದರೆ ತೆಗೆದವರಿಗೆ ಏನೂ ಸಿಗುವುದಿಲ್ಲ. ‘ಕಂಬ ಚಾಲಕನ ಕ್ಯಾಬಿನ ನೆತ್ತಿಯ ಮೇಲೆ ಕೊಂಬಿನ ಹಾಗೆ ನಿಂತಿದೆ, ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಸಾಕಿತ್ತು’ ಎನ್ನಿ.