ಮಂಡಕ್ಕಿ ರಾಶಿಗೆ ಬಿಳಿ ಬಣ್ಣ ಹಚ್ಚಬಾರದು

ಮಂಡಕ್ಕಿ ಹುರಿಯುವ ಭಟ್ಟಿಯ ಮೊದಲ ಚಿತ್ರ ಮುಗಿಸಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕಿಟಕಿ ಹತ್ತಿರ ಹಿಡಿದು ನೋಡಿದರು. "ಚೆನ್ನಾಗೈತವ್ವ. ಹತ್ತಿ ರಾಶಿ ಅಲ್ವಾ?" ಅಂದರು.

ಅಪ್ಪ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ 22 ವರ್ಷ ದುಡಿದವರು. ಹತ್ತಿ ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಬರೆದದ್ದು ಮಂಡಕ್ಕಿ, ಅವರಿಗೆ ಕಂಡದ್ದು ಹತ್ತಿ. ಎರಡು ವಾರ ಕೂತು ಬರೆದ ಚಿತ್ರ ಅದು. ತುಂಬಾ ಬೇಜಾರಾಯಿತು. ಆದರೆ ಅವರು ಹಾಗಂದ ಮೇಲೆ ನನಗೂ ಅದು ಹತ್ತಿಯ ಹಾಗೆಯೇ ಕಾಣತೊಡಗಿತು. ಮೆತ್ತಗೆ ಉಬ್ಬಿಕೊಂಡ, ಅಂಚೇ ಇಲ್ಲದ ಬಿಳುಪು. ಈ ಮಾಲಿಕೆ ನಿಜವಾಗಿ ಶುರುವಾದದ್ದು ಅವತ್ತೇ. ಮೂರು ವರ್ಷದಲ್ಲಿ 16 ಚಿತ್ರ ಆಗಿವೆ. ಕಲಿತದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಜಲವರ್ಣದಲ್ಲಿ ಬಿಳಿ ವಸ್ತು ಬರೆಯಲು ಒದ್ದಾಡುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು.

ಹೊಟ್ಟೆಪಾಡಿಗೆ ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಆನೆ, ಮೊಲ, ಬಾವಿಕಟ್ಟೆ, ಅಜ್ಜಿ, ಮಳೆ. ಅದೆಲ್ಲ ಟ್ಯಾಬ್ಲೆಟ್ ಮೇಲೆ ನಡೆಯುವ ಕೆಲಸ, ತಪ್ಪಾದರೆ ಅಳಿಸಬಹುದು. ಆ ಕೆಲಸ ನನಗೆ ಇಷ್ಟ. ಆದರೆ ಯಾರೂ ಕೇಳದೆ, ಯಾರ ಗಡುವೂ ಇಲ್ಲದೆ, ಕಾಗದದ ಮೇಲೆ ನನಗೋಸ್ಕರ ಬರೆಯುವುದು ಈ ಭಟ್ಟಿ ಚಿತ್ರಗಳನ್ನು ಮಾತ್ರ.

ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ. ಊರಲ್ಲಿ ಹುಟ್ಟಿ ಬೆಳೆದವರಿಗೆ ಸಂಜೆ ಅಂದರೆ ಮಂಡಕ್ಕಿ, ಮೆಣಸಿನಕಾಯಿ. ಆ ಮಂಡಕ್ಕಿ ಎಲ್ಲಿಂದ ಬರುತ್ತದೆ ಅಂತ ನಾನು ದೊಡ್ಡವಳಾಗುವವರೆಗೂ ಸರಿಯಾಗಿ ನೋಡಿರಲಿಲ್ಲ. ಭಟ್ಟಿಗಳ ಸಾಲು, ತಗಡಿನ ಮಾಡು, ಮಸಿ ಹಿಡಿದ ಗೋಡೆ. ದೂರದಿಂದ ಹೊಗೆ ಕಾಣುತ್ತಿತ್ತು, ಅಷ್ಟೇ.

ಒಳಗೆ ಹೋಗಿ ನಿಂತರೆ ಬೇರೆಯೇ ಲೋಕ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿಕೊಂಡು ಬಂದಿರುತ್ತಾರೆ. ಅದಕ್ಕೆ ಉಪ್ಪುನೀರು ಹಿಡಿಸಿ ಹುರಿಯುತ್ತಾರೆ. ಆಮೇಲೆ ಕಾದ ಉಸುಕಿನ ಬಾಣಲೆಗೆ ಒಂದು ಹಿಡಿ ಬೀಳುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸಣ್ಣ ಅಕ್ಕಿ ಕಾಳು ಅರಳಿ ಬೆಳ್ಳಗಾಗಿ ಉಸುಕಿನ ಮೇಲೆ ತೇಲುತ್ತದೆ. ಉಸುಕು ಸಮೇತ ಬಾಚಿ ಜರಡಿಗೆ ಹಾಕುತ್ತಾರೆ. ಉಸುಕು ಕೆಳಗೆ, ಮಂಡಕ್ಕಿ ಮೇಲೆ. ಕಪ್ಪು ಗೋಡೆ, ಕಪ್ಪು ಬಾಣಲೆ, ಕಪ್ಪಾದ ಕೈ, ನಡುವೆ ಈ ಬಿಳುಪು. ನನಗೆ ಬೇಕಾಗಿದ್ದ ಚಿತ್ರ ಇದೇ.

ಮೊದಲ ತಪ್ಪು ಫೋಟೋ ನೋಡಿ ಬರೆದದ್ದು. ಮೊಬೈಲ್‌ನಲ್ಲಿ 40 ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ಕೂತೆ. ಕತ್ತಲ ಜಾಗದಲ್ಲಿ ಬೆಂಕಿ ಇದ್ದರೆ ಕ್ಯಾಮೆರಾ ಎರಡನ್ನೂ ಹಿಡಿಯಲಾರದು. ಗೋಡೆ ಕಾಣಿಸಿದರೆ ಮಂಡಕ್ಕಿ ರಾಶಿ ಒಂದು ಬಿಳಿ ಮಚ್ಚೆ. ಮಂಡಕ್ಕಿ ಕಾಣಿಸಿದರೆ ಉಳಿದದ್ದೆಲ್ಲ ಕತ್ತಲು. ನಾನು ಆ ಬಿಳಿ ಮಚ್ಚೆಯನ್ನೇ ನಂಬಿ ಬರೆದಿದ್ದೆ. ಅಪ್ಪನಿಗೆ ಹತ್ತಿ ಕಂಡದ್ದು ಅದಕ್ಕೇ.

ಆಮೇಲೆ ಸ್ಕೆಚ್ ಪುಸ್ತಕ ಹಿಡಿದು ಹೋಗತೊಡಗಿದೆ. ವಾರಕ್ಕೆ ಎರಡು ದಿನ, ಬೆಳಗಿನ ಜಾವ. 4ಬಿ ಪೆನ್ಸಿಲ್, ಚಿಕ್ಕ ಪುಸ್ತಕ, ಇನ್ನೇನೂ ಇಲ್ಲ. ಮೊದಲ ಒಂದು ತಿಂಗಳು ರಾಶಿಯನ್ನು ಮಾತ್ರ ಬರೆದೆ. ಮನೆಗೆ ಬಂದು ಒಂದು ಹಿಡಿ ಮಂಡಕ್ಕಿಯನ್ನು ಕರಿ ಬಟ್ಟೆಯ ಮೇಲೆ ಹರಡಿ, ಟೇಬಲ್ ಲ್ಯಾಂಪ್ ಪಕ್ಕದಲ್ಲಿಟ್ಟು ಒಂದೊಂದೇ ಕಾಳು ನೋಡಿದೆ. ದುಂಡಗಿಲ್ಲ. ಉದ್ದ, ಎರಡೂ ತುದಿ ಸಣ್ಣ, ನಡು ಉಬ್ಬು, ಸ್ವಲ್ಪ ಬಾಗು. ಮೈಮೇಲೆ ಉದ್ದಕ್ಕೆ ತೆಳುವಾದ ಗೀರು. ಅಲ್ಲಲ್ಲಿ ಹುರಿದ ಕಂದು ಚುಕ್ಕೆ. ಹತ್ತಿಗೆ ಅಂಚಿಲ್ಲ, ಮಂಡಕ್ಕಿಗೆ ಅಂಚಿದೆ. ಇಷ್ಟು ತಿಳಿಯಲು ಒಂದು ತಿಂಗಳು ಬೇಕಾಯಿತು.

ಆದರೆ ಸಾವಿರ ಕಾಳುಗಳನ್ನು ಬರೆಯಲು ಆಗುವುದಿಲ್ಲ. ಬರೆದರೂ ಚೆನ್ನಾಗಿರುವುದಿಲ್ಲ. ಒಮ್ಮೆ ಬರೆದು ನೋಡಿದೆ, ರಾಶಿ ಹೋಗಿ ಇರುವೆ ಸಾಲಿನಂತೆ ಗಿಜಿಗಿಜಿ ಆಯಿತು. ಕಣ್ಣು ಅರೆ ಮುಚ್ಚಿ ನೋಡಿದಾಗ ದಾರಿ ಸಿಕ್ಕಿತು. ರಾಶಿಯ ಬೆಳಕಿನ ಕಡೆ ಕಾಳು ಕಾಣುವುದೇ ಇಲ್ಲ, ಬರೀ ಬಿಳುಪು. ನೆರಳಿನ ಕಡೆಯೂ ಕಾಣುವುದಿಲ್ಲ, ಬರೀ ಬೂದು. ಬೆಳಕು ತಿರುಗಿ ನೆರಳಾಗುವ ಪಟ್ಟಿ ಇದೆಯಲ್ಲ, ಅಲ್ಲಿ ಮಾತ್ರ ಒಂದೊಂದು ಕಾಳು ತನ್ನ ಪುಟ್ಟ ನೆರಳಿನೊಂದಿಗೆ ಎದ್ದು ಕಾಣುತ್ತದೆ. ಆ ಪಟ್ಟಿಯಲ್ಲಿ ಮೂವತ್ತು ನಲವತ್ತು ಕಾಳು ಸರಿಯಾಗಿ ಬರೆದರೆ ಸಾಕು. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಜೊತೆಗೆ ರಾಶಿಯ ಬುಡದಲ್ಲಿ ಚದುರಿದ ಹತ್ತು ಹನ್ನೆರಡು ಕಾಳು. ಅವುಗಳ ಆಕಾರ ಮಾತ್ರ ತಪ್ಪಬಾರದು, ಇದು ಮಂಡಕ್ಕಿ ಅಂತ ಹೇಳುವುದು ಅವೇ.

ಇನ್ನು ಬಿಳುಪಿನ ವಿಷಯ. ಇದಕ್ಕೆ ನಾನು ಹಾಕಿದ ಸಮಯ ಜಾಸ್ತಿ.

ಮೊದಲು ಬಿಳಿ ಗ್ವಾಶ್ ಹಚ್ಚಿದೆ, ಕೆಳಗಿನದನ್ನು ಮುಚ್ಚುವ ದಪ್ಪ ಬಣ್ಣ. ಒಣಗಿದ ಮೇಲೆ ಸುಣ್ಣದ ಗೋಡೆಯ ಹಾಗಾಯಿತು. ಕಾಗದದ ಬಿಳುಪಿನಲ್ಲಿ ಬೆಳಕು ಒಳಗಿನಿಂದ ಬಂದಂತೆ ಕಾಣುತ್ತದೆ. ಗ್ವಾಶ್ ಆ ಬೆಳಕನ್ನು ಮುಚ್ಚಿಬಿಡುತ್ತದೆ.

ಆಮೇಲೆ ಮಾಸ್ಕಿಂಗ್ ಫ್ಲೂಯಿಡ್. ಇದು ರಬ್ಬರ್ ಹಾಲಿನಂಥ ದ್ರವ. ಬಿಳಿ ಉಳಿಯಬೇಕಾದ ಕಡೆ ಹಚ್ಚಿ, ಒಣಗಿದ ಮೇಲೆ ಸುತ್ತಲೂ ಬಣ್ಣ ಹಾಕಿ, ಕೊನೆಗೆ ಉಜ್ಜಿ ತೆಗೆಯುವುದು. ಚಿಮ್ಮುವ ಕಾಳುಗಳಿಗೆ ಒಳ್ಳೆಯದು ಅಂದುಕೊಂಡೆ. ಆದರೆ ಅದು ಏಪ್ರಿಲ್. ತಗಡಿನ ಮಾಡಿನ ಕೆಳಗಿನ ನನ್ನ ಕೋಣೆಯಲ್ಲಿ ಮಧ್ಯಾಹ್ನ ಕೂರಲೂ ಆಗುವುದಿಲ್ಲ. ಹಾಳೆಯನ್ನು ಅಲ್ಲೇ ಬಿಟ್ಟು ಎರಡು ದಿನ ಬೇರೆ ಕೆಲಸಕ್ಕೆ ಹೋದೆ. ಬಂದು ಉಜ್ಜಿದರೆ ಅಂಟಿನ ಜೊತೆ ಕಾಗದದ ಮೇಲ್ಪದರವೂ ಕಿತ್ತು ಬಂತು. ಮಾಸ್ಕಿಂಗ್ ಫ್ಲೂಯಿಡ್‌ಗೆ ಬಿಸಿ ತಾಗಬಾರದು, ಹೇರ್ ಡ್ರೈಯರ್ ಅಂತೂ ಹಿಡಿಯಲೇಬಾರದು. ಹಚ್ಚಿದ ದಿನವೇ ತೆಗೆದುಬಿಡಿ. ಬ್ರಷ್ಷನ್ನು ಮೊದಲು ಸೋಪಿನ ನೀರಲ್ಲಿ ಅದ್ದಿಕೊಳ್ಳಿ, ಇಲ್ಲದಿದ್ದರೆ ಬ್ರಷ್ ಕೂಡ ಹೋಗುತ್ತದೆ.

ಮೂರನೆಯದು ಉಪ್ಪು. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ಹರಳು ನೀರನ್ನು ಎಳೆದುಕೊಳ್ಳುತ್ತದೆ, ಬಣ್ಣ ಸರಿದು ಸಣ್ಣ ಬಿಳಿ ಚುಕ್ಕೆ ಉಳಿಯುತ್ತದೆ. ಮಂಡಕ್ಕಿಗೂ ಉಪ್ಪು ಬೀಳುತ್ತದೆ, ಚಿತ್ರಕ್ಕೂ ಬೀಳಲಿ ಅಂತ ಆಸೆಯಾಯಿತು. ಚುಕ್ಕೆಗಳೇನೋ ಬಂದವು. ಆದರೆ ಅವು ನಕ್ಷತ್ರದ ಹಾಗಿದ್ದವು, ಕಾಳಿನ ಬಾಗು ಬರಲಿಲ್ಲ. ಈಗ ಉಪ್ಪನ್ನು ಹಿಂದಿನ ಗೋಡೆಯ ಮಸಿಗೆ ಮಾತ್ರ ಬಳಸುತ್ತೇನೆ. ಅಲ್ಲಿ ಚೆನ್ನಾಗಿ ಕೂರುತ್ತದೆ.

ಕೊನೆಗೆ ಉಳಿದದ್ದು ಬಿಡುವುದು. ಏನೂ ಹಚ್ಚದೆ ಕಾಗದವನ್ನು ಹಾಗೇ ಬಿಡುವುದು. ಇದಕ್ಕೆ ಕೆಲಸದ ಕ್ರಮವನ್ನೇ ತಿರುಗಿಸಬೇಕಾಯಿತು. ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು ಅಂತ ಎಲ್ಲರೂ ಕಲಿಸುತ್ತಾರೆ, ನನಗೂ ಹಾಗೇ ಕಲಿಸಿದ್ದರು. ಈ ಚಿತ್ರಗಳಲ್ಲಿ ನಾನು ಮೊದಲು ಗೋಡೆಯ ಕಪ್ಪನ್ನೇ ಹಾಕುತ್ತೇನೆ. ಪಕ್ಕದಲ್ಲಿ ಆ ಕಪ್ಪು ಬಂದ ತಕ್ಷಣ ಖಾಲಿ ಕಾಗದ ಹೊಳೆಯತೊಡಗುತ್ತದೆ. ರಾಶಿಗೆ ಎಷ್ಟು ಕಡಿಮೆ ಬಣ್ಣ ಸಾಕು ಅಂತ ಆಗ ಗೊತ್ತಾಗುತ್ತದೆ. ಗೋಡೆ ಹಾಕದೆ ರಾಶಿಗೆ ನೆರಳು ಕೊಡಲು ಹೋದರೆ ಕೈ ತಡೆಯುವುದಿಲ್ಲ, ಬೂದು ಜಾಸ್ತಿಯಾಗಿ ರಾಶಿ ಕೊಳಕಾಗುತ್ತದೆ.

ಕಾಗದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ, ಪೂರ್ತಿ ಹತ್ತಿಯದು. ದೊಡ್ಡ ಹಾಳೆ ತಂದು ನಾಲ್ಕು ತುಂಡು ಮಾಡುತ್ತೇನೆ, ಒಂದೊಂದು 11ಕ್ಕೆ 15 ಇಂಚು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಭ್ಯಾಸ ಮಾಡಿ, ಈ ಹಾಳೆಯಲ್ಲಿ ಬರೆಯೋಣ ಅಂದುಕೊಳ್ಳಬೇಡಿ. ಎರಡರಲ್ಲೂ ನೀರು ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ಅಭ್ಯಾಸಕ್ಕೂ ಇದೇ ಕಾಗದದ ಚೂರು ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಸಲ ಈ ಕಾಗದ ಹತ್ತಿಯದು ಅಂತ ಅಪ್ಪನಿಗೆ ಹೇಳಿದೆ. ಹಾಳೆಯ ಅಂಚನ್ನು ಬೆರಳ ನಡುವೆ ಹಿಡಿದು ಉಜ್ಜಿ ನೋಡಿದರು, ನೂಲು ಪರೀಕ್ಷೆ ಮಾಡುವ ಹಾಗೆ. "ಹಂಗಾದ್ರೆ ನಾನು ಅವತ್ತು ಹೇಳಿದ್ದು ಸರೀನೇ" ಅಂದರು. ಹೌದಲ್ವಾ. ನನ್ನ ಮಂಡಕ್ಕಿಯ ಬಿಳುಪೆಲ್ಲ ಹತ್ತಿಯದೇ.

ಬೂದು ಬಣ್ಣವನ್ನು ನಾನು ಕೊಳ್ಳುವುದಿಲ್ಲ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ ಅನ್ನುವ ಕೆಂಪು ಕಂದು, ಈ ಎರಡರಲ್ಲೇ ಎಲ್ಲ ಬೂದು, ಎಲ್ಲ ಕಪ್ಪು. ನೀಲಿ ಜಾಸ್ತಿಯಾದರೆ ತಂಪು, ಕಂದು ಜಾಸ್ತಿಯಾದರೆ ಬಿಸಿ. ಭಟ್ಟಿಯಲ್ಲಿ ಇದು ಬಹಳ ಮುಖ್ಯ. ಬೆಳಗಿನ ಜಾವ ಬಾಗಿಲ ಕಡೆಯ ರಾಶಿ ನೀಲಿ ಛಾಯೆಯಲ್ಲಿರುತ್ತದೆ, ಬೆಂಕಿ ಕಡೆಯದು ಕಿತ್ತಳೆ. ಒಂದೇ ಮಂಡಕ್ಕಿ, ಎರಡು ಬಿಳುಪು. ಆರನೇ ಚಿತ್ರದಿಂದ ಇದು ನನಗೆ ಹಿಡಿತಕ್ಕೆ ಬಂತು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ಸಣ್ಣ ತರಿತರಿ ಕೊಡುತ್ತವೆ. ಮಸಿ ಹಿಡಿದ ಗೋಡೆಗೆ ಅದಕ್ಕಿಂತ ಒಳ್ಳೆಯದು ಬೇರೆ ಸಿಕ್ಕಿಲ್ಲ.

ಹೊಗೆಯ ಬಗ್ಗೆ ಒಂದು ಮಾತು. ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟರೆ ಹೊಗೆ ತಾನಾಗಿ ಹರಡುತ್ತದೆ, ಮಂಜಿನ ಹಾಗೆ ಚೆಂದ ಕಾಣುತ್ತದೆ. ನಾನು ಅಂಥ ಎರಡು ಚಿತ್ರ ಹರಿದುಹಾಕಿದೆ. ಅದು ಅಲ್ಲಿ ದುಡಿಯುವವರ ಎದೆಗೆ ಹೋಗುವ ಹೊಗೆ. ಹತ್ತು ನಿಮಿಷ ನಿಂತರೆ ನನಗೇ ಕಣ್ಣುರಿ, ಕೆಮ್ಮು. ಅದನ್ನು ಮಲೆನಾಡಿನ ಮಂಜಿನ ಹಾಗೆ ಬರೆದರೆ ಸುಳ್ಳಾಗುತ್ತದೆ. ಈಗ ಕಂದು ಜಾಸ್ತಿ ಹಾಕಿ, ಕಾಗದದ ಒದ್ದೆ ಮಿನುಗು ಹೋದ ಮೇಲೆ, ಗಟ್ಟಿ ಬಣ್ಣದಲ್ಲಿ ಬರೆಯುತ್ತೇನೆ. ಆಗ ಹೊಗೆಗೆ ಭಾರ ಬರುತ್ತದೆ.

ನಮ್ಮ ಊರಿನ ಬಿಸಿಲಿನಲ್ಲಿ ಒದ್ದೆ ಕೆಲಸಕ್ಕೆ ಸಮಯವೇ ಸಿಗುವುದಿಲ್ಲ. ಬ್ರಷ್ ತಿರುಗಿಸುವಷ್ಟರಲ್ಲಿ ಅಂಚು ಒಣಗಿ ಗೆರೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದರಿಂದ ಏಳೂವರೆ ನನ್ನ ಬಣ್ಣದ ಸಮಯ. ಫ್ಯಾನ್ ಹಾಕುವುದಿಲ್ಲ. ಹಾಳೆಯ ಹಿಂದೆಯೂ ನೀರು ಸವರಿ ಹಲಗೆಗೆ ಅಂಟಿಸಿದರೆ ಇನ್ನಷ್ಟು ಹೊತ್ತು ಸಿಗುತ್ತದೆ.

ಒಂಬತ್ತನೇ ಚಿತ್ರವನ್ನು ಭಟ್ಟಿಗೆ ತೆಗೆದುಕೊಂಡು ಹೋದೆ. ಜರಡಿ ಹಿಡಿದ ಹೆಂಗಸಿನ ಚಿತ್ರ. ಅಲ್ಲಿ ಎಲ್ಲರಿಗಿಂತ ಹಿರಿಯ ಅಕ್ಕ ಒಬ್ಬರಿದ್ದಾರೆ, ನನಗೆ ಕೂರಲು ಗೋಣಿಚೀಲ ಹಾಕಿಕೊಡುವವರು. ಚಿತ್ರ ಅವರದೇ. ಮುಖ ನೋಡಿ ನಕ್ಕರು. ಕೈ ನೋಡಿ ನಗು ನಿಲ್ಲಿಸಿದರು.

"ಯವ್ವಾ, ಈ ಕೈ ನಂದಲ್ಲ. ಜರಡಿ ಹಿಂಗ್ ಹಿಡಿದ್ರೆ ಬಿಸಿ ಉಸುಕು ಮೈಮ್ಯಾಲೆ ಬೀಳ್ತತಿ."

ಎದ್ದು ತೋರಿಸಿದರು. ನಾನು ಎರಡೂ ಕೈ ಜರಡಿಯ ಅಂಚನ್ನು ಮೇಲಿನಿಂದ ಹಿಡಿದ ಹಾಗೆ ಬರೆದಿದ್ದೆ, ಮನೆಯಲ್ಲಿ ಹಿಟ್ಟು ಜಾಲಿಸುವ ಹಾಗೆ. ಅವರ ಎಡಗೈ ಬಟ್ಟೆ ಸುತ್ತಿಕೊಂಡು ಜರಡಿಯ ಕೆಳಗಿತ್ತು, ಹೆಬ್ಬೆರಳು ಮಾತ್ರ ಮೇಲೆ. ಆಚೆಯ ಅಂಚು ತಗ್ಗಿತ್ತು. ಬಲ ಮೊಣಕೈ ಪಕ್ಕೆಗೆ ಒತ್ತಿಕೊಂಡಿತ್ತು. ಅಲುಗಾಟವೆಲ್ಲ ಮುಂಗೈಯಿಂದ. ನಾನು ಎಷ್ಟೋ ತಿಂಗಳು ಅವರ ಎದುರಿಗೇ ಕೂತಿದ್ದೆ. ರಾಶಿ ನೋಡಿದ್ದೆ, ಬೆಳಕು ನೋಡಿದ್ದೆ, ಅವರ ಕೈ ನೋಡಿರಲಿಲ್ಲ. ಆ ಚಿತ್ರವನ್ನು ಮಾಲಿಕೆಯಿಂದ ತೆಗೆದು ಮತ್ತೆ ಬರೆದೆ. ಈಗ ಪ್ರತಿ ಚಿತ್ರದ ಪೆನ್ಸಿಲ್ ಹಂತವನ್ನು ಮೊದಲು ಅವರಿಗೇ ತೋರಿಸುತ್ತೇನೆ. ಬಣ್ಣ ಹಾಕುವ ಮುಂಚೆ ಸಿಕ್ಕ ತಪ್ಪನ್ನು ರಬ್ಬರ್‌ನಿಂದ ಸರಿಮಾಡಬಹುದು.

ಸ್ಕ್ಯಾನ್ ಬಗ್ಗೆ ಸ್ವಲ್ಪ. 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಗೆ ಇಡುತ್ತೇನೆ. ಸ್ಕ್ಯಾನರ್‌ನ ಆಟೋ ಹೊಂದಾಣಿಕೆ ಕಡ್ಡಾಯವಾಗಿ ಆಫ್. ಇಲ್ಲದಿದ್ದರೆ ಅದು ತಿಳಿ ಬೂದನ್ನೆಲ್ಲ ಕೊಳೆ ಅಂದುಕೊಂಡು ಬೆಳ್ಳಗೆ ಮಾಡುತ್ತದೆ, ರಾಶಿ ಮತ್ತೆ ಹತ್ತಿಯಾಗುತ್ತದೆ. ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹಗಲು ಬೆಳಕಲ್ಲಿ ಕೈಯಾರೆ ಸರಿಮಾಡುತ್ತೇನೆ. ಮೊದಲ ಬಾರಿ ಪ್ರಿಂಟ್ ಮಾಡಿಸಿದ ಕಡೆ ಬೂದೆಲ್ಲ ಹಸಿರಾಗಿ ಬಂತು, 25 ಪ್ರತಿ ದಂಡ. ನಾಲ್ಕು ಶಾಯಿಗಳಲ್ಲಿ ಬೂದು ಕೂಡಿಸುವಾಗ ಒಂದು ಸ್ವಲ್ಪ ಹೆಚ್ಚುಕಡಿಮೆ ಆದರೂ ಅದು ಎದ್ದು ಕಾಣುತ್ತದೆ. ಈಗ ಚಿತ್ರದ ಒಂದು ಪಟ್ಟಿಯನ್ನು ಮೊದಲು ತೆಗೆಸಿ ನೋಡಿ, ಒಪ್ಪಿದ ಮೇಲೆ ಉಳಿದದ್ದು.

ಈಗ ಹದಿನೇಳನೆಯದು ಹಲಗೆಯ ಮೇಲಿದೆ. ಗೋಡೆಯ ಕಪ್ಪು ಒಣಗಿದೆ, ಬಾಣಲೆಯ ಅಂಚು ಆಗಿದೆ. ಅಕ್ಕ ಈ ಸಲ ಜರಡಿಯನ್ನು ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾರೆ. ಸೆರಗಿನ ತುದಿ ಯಾವ ಕೈಯಲ್ಲಿ ಹಿಡಿಯುತ್ತಾರೆ ಅಂತ ನನಗೆ ಅನುಮಾನ ಇದೆ. ನಾಳೆ ಬೆಳಗಿನ ಜಾವ ಹೋಗಿ ನೋಡಿಕೊಂಡು ಬರಬೇಕು.