ಮಡಿಕೇರಿ ಮಳೆಗೂ ಒಗ್ಗುವ ಹೆಗಲುದ್ದದ ಅಲೆಗೂದಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಕೂದಲಿಗೆ ಎರಡೇ ಸ್ಥಿತಿ. ಒಂದು ಒದ್ದೆ, ಇನ್ನೊಂದು ಅರೆ ಒದ್ದೆ. ಅಲೆಅಲೆ ಕೂದಲಿನವರ ಪಾಡಂತೂ ಕೇಳುವುದೇ ಬೇಡ. ಪಾರ್ಲರ್ ಮೆಟ್ಟಿಲು ಇಳಿದು ಬಸ್ ಹತ್ತುವಷ್ಟರಲ್ಲಿ ಸ್ಟೈಲ್ ಅರ್ಧ ಕರಗಿರುತ್ತದೆ. ಹಾಗಾಗಿ ಇಲ್ಲಿ ಹೇರ್‌ಕಟ್ ಆರಿಸುವಾಗ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಜುಲೈ ತಿಂಗಳಲ್ಲಿ, ಕರೆಂಟ್ ಹೋದ ಬೆಳಿಗ್ಗೆ, ಈ ಕೂದಲು ಹೇಗಿರುತ್ತದೆ?

ಹೆಗಲುದ್ದದ ಕಟ್ ಈ ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಸೊಂಟದವರೆಗಿನ ಕೂದಲು ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ತೀರಾ ಗಿಡ್ಡ ಮಾಡಿಸಿದರೆ ಕೆಳಕ್ಕೆ ಎಳೆಯುವ ಭಾರವಿಲ್ಲದೆ ತಲೆ ಸುತ್ತ ಉಬ್ಬಿಕೊಳ್ಳುತ್ತದೆ. ನಡುವಿನ ಉದ್ದದಲ್ಲಿ ಎರಡೂ ಕಷ್ಟ ಕಡಿಮೆ.

ಮೊದಲು ನಿಮ್ಮ ಅಲೆ ಎಂಥದ್ದು ನೋಡಿ

ಒಂದು ರಜೆಯ ದಿನ ತಲೆ ತೊಳೆದು, ಕಂಡೀಷನರ್ ಹಾಕಿ, ಅದು ತಲೆಯಲ್ಲಿರುವಾಗಲೇ ಸಿಕ್ಕು ಬಿಡಿಸಿ. ಆಮೇಲೆ ಎಣ್ಣೆ ಬೇಡ, ಬಾಚಣಿಗೆ ಬೇಡ. ತಾನಾಗಿ ಒಣಗಲಿ. ನಂತರ ಕನ್ನಡಿ ಮುಂದೆ ನಿಂತು ನೋಡಿ. ತುದಿಯಲ್ಲಿ ಮಾತ್ರ ಸಣ್ಣ ಬಾಗು ಇದ್ದರೆ ಅದು 2ಎ. ಕಿವಿಯ ಹತ್ತಿರದಿಂದ ಅಲೆ ಶುರುವಾದರೆ 2ಬಿ. ಬುಡದಿಂದಲೇ ದಟ್ಟವಾಗಿ ತಿರುವಿಕೊಂಡಿದ್ದರೆ 2ಸಿ. ಅಮೆರಿಕದ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಮಾಡಿದ ಈ ವಿಂಗಡಣೆ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಪಾರ್ಲರ್‌ನಲ್ಲೂ ಇದೇ ಹೆಸರು ಹೇಳಿದರೆ ಸಾಕು.

'ನಂದು ಅಲೆ ಗಿಲೆ ಏನೂ ಅಲ್ಲ, ಬರೀ ಕೆದರೋ ಕೂದಲು' ಅನ್ನುವವರು ಬಹಳ ಜನ. ಇವರಲ್ಲಿ ಎಷ್ಟೋ ಮಂದಿಗೆ ಇರುವುದು ಒಳ್ಳೆಯ ಅಲೆಗೂದಲೇ. ಒಣಗಿದ ಮೇಲೆ ದಿನಾ ಬಾಚಿ ಬಾಚಿ ಅಲೆಯನ್ನು ಒಡೆದಿರುತ್ತಾರೆ, ಅಷ್ಟೆ.

ಉದ್ದ ಎಲ್ಲಿಗೆ ನಿಲ್ಲಬೇಕು?

ಎಲ್ಲರೂ ಬೀಳುವ ಗುಂಡಿ ಇದು. ಕೂದಲ ತುದಿ ಸರಿಯಾಗಿ ಹೆಗಲ ಮೇಲೆ ಬಂದು ಕೂತರೆ, ಹೆಗಲಿಗೆ ತಾಗಿ ಹೊರಕ್ಕೆ ತಿರುಗುತ್ತದೆ. ಎಷ್ಟು ಒತ್ತಿದರೂ ಒಳಕ್ಕೆ ಬರುವುದಿಲ್ಲ. ಸ್ವೆಟರ್, ಜರ್ಕಿನ್ ಹಾಕಿದರಂತೂ ಇನ್ನೂ ಜಾಸ್ತಿ. ಹಾಗಾಗಿ ಹೆಗಲಿಗಿಂತ ಒಂದೆರಡು ಇಂಚು ಮೇಲೆ ಇರಲಿ, ಇಲ್ಲವೇ ಕತ್ತಿನ ಕೆಳಗಿನ ಕಾಲರ್‌ಬೋನ್‌ವರೆಗೆ ಬರಲಿ. ಕೊಡಗಿನವರಿಗೆ ನಾನು ಹೇಳುವುದು ಎರಡನೆಯದನ್ನೇ. ಬೇಕೆಂದಾಗ ಕಟ್ಟಿಕೊಳ್ಳಬಹುದು, ಅಲ್ವಾ? ಕಾಫಿ ಕೊಯ್ಲಿನ ಸಮಯದಲ್ಲಿ ತೋಟದೊಳಗೆ ಕೂದಲು ಬಿಟ್ಟುಕೊಂಡು ಓಡಾಡಿದರೆ ಅರ್ಧ ಜೇಡರ ಬಲೆ ತಲೆಯಲ್ಲೇ ಮನೆಗೆ ಬರುತ್ತದೆ.

ಇನ್ನೊಂದು ಲೆಕ್ಕ ಮರೆಯಬೇಡಿ. ಅಲೆಗೂದಲು ಒದ್ದೆಯಲ್ಲಿ ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೆ ಎಳೆದುಕೊಳ್ಳುತ್ತದೆ. 2ಸಿ ಆದರೆ ಇದು ಎದ್ದು ಕಾಣುವಷ್ಟಿರುತ್ತದೆ. ಒದ್ದೆ ಕೂದಲನ್ನು ಕಾಲರ್‌ಬೋನ್‌ಗೆ ಸರಿಯಾಗಿ ಕತ್ತರಿಸಿದರೆ, ಒಣಗಿದ ಮೇಲೆ ಅದೇ ಹಾಳು ಹೆಗಲ ಗೆರೆಗೆ ಬಂದು ನಿಲ್ಲುತ್ತದೆ. ಒದ್ದೆಯಲ್ಲಿ ಒಂದೂವರೆ ಇಂಚು ಜಾಸ್ತಿಯೇ ಬಿಡಲಿ. ಒಣಗಿಸಿ ನೋಡಿ, ಬೇಕಾದರೆ ಮತ್ತೆ ತೆಗೆಸಿ.

ಮದುವೆ, ಹಬ್ಬದಲ್ಲಿ ತಲೆಗೆ ವಸ್ತ್ರ ಕಟ್ಟುವವರು ಮುಂಭಾಗದ ಲೇಯರ್ (ಹಂತಹಂತವಾಗಿ ಕತ್ತರಿಸಿದ ಕೂದಲು) ಬಗ್ಗೆ ಸ್ವಲ್ಪ ಯೋಚಿಸಬೇಕು. ಅದು ಕಿವಿ ಹಿಂದಕ್ಕೆ ಸಿಕ್ಕಿಸುವಷ್ಟಾದರೂ ಉದ್ದ ಇರಬೇಕು. ಇಲ್ಲದಿದ್ದರೆ ವಸ್ತ್ರದ ಅಂಚಿನಿಂದ ಎಳೆಎಳೆಯಾಗಿ ಇಣುಕುತ್ತದೆ.

ಪಾರ್ಲರ್‌ನಲ್ಲಿ ಹೇಳಬೇಕಾದ್ದು

ಎಣ್ಣೆ ಇಲ್ಲದ, ಹಿಂದಿನ ದಿನ ತೊಳೆದ, ಜಡೆ ಹಾಕದ ಕೂದಲಿನಲ್ಲಿ ಹೋಗಿ. ನಿಮ್ಮ ಅಲೆ ಹೇಗೆ ಬೀಳುತ್ತದೆ ಎಂದು ಕತ್ತರಿ ಹಿಡಿದವರಿಗೆ ಕಾಣಬೇಕು. ಫೋಟೊ ತೋರಿಸುವುದಾದರೆ ನಿಮ್ಮಷ್ಟೇ ದಪ್ಪದ ಕೂದಲಿರುವವರ ಫೋಟೊ ತೋರಿಸಿ. ನಟಿಯರ ಫೋಟೊಗಳಲ್ಲಿ ಕಾಣುವ ಅಲೆ ಹೆಚ್ಚಾಗಿ ಬಿಸಿ ರಾಡ್‌ನಿಂದ ಸುತ್ತಿದ್ದು.

'ಒಣಗಿದ ಮೇಲೆ ಕಾಲರ್‌ಬೋನ್‌ವರೆಗೆ ಬರಬೇಕು. ಲೇಯರ್ ಉದ್ದುದ್ದ ಇರಲಿ, ಗಲ್ಲಕ್ಕಿಂತ ಮೇಲೆ ಯಾವುದೂ ಬೇಡ' ಎಂದು ಬಿಡಿಸಿ ಹೇಳಿ. ಸುಮ್ನೆ 'ಸ್ಟೆಪ್ ಕಟ್' ಅಂದುಬಿಟ್ಟರೆ ಮೇಲಿನ ಮೆಟ್ಟಿಲು ಗಿಡ್ಡವಾಗಿ, ತೇವಕ್ಕೆ ಅದೊಂದೇ ಉಬ್ಬಿ ನಿಲ್ಲುವ ಸಾಧ್ಯತೆ ಇದೆ. ಕೂದಲು ತೆಳ್ಳಗಿದ್ದರೆ ಲೇಯರ್ ಆದಷ್ಟು ಕಡಿಮೆ ಇರಲಿ, ತುದಿ ನೇರ ಇರಲಿ.

ನಡುವೆ ಒಂದು ಮಾತು ಬಂದೇ ಬರುತ್ತದೆ. 'ಅಕ್ಕಾ, ತುಂಬಾ ಹೆವಿ ಇದೆ, ಸ್ವಲ್ಪ ತಿನ್ ಮಾಡ್ಲಾ?' ಕೈಯಲ್ಲಿ ಆಗಲೇ ಹಲ್ಲು ಹಲ್ಲಿನ ಕತ್ತರಿ ಇರುತ್ತದೆ. 'ಬೇಡಮ್ಮ, ಲೇಯರ್‌ನಲ್ಲೇ ಭಾರ ಕಡಿಮೆ ಮಾಡು' ಅನ್ನಿ. ಆ ಕತ್ತರಿ ಒಳಗೊಳಗೆ ನೂರಾರು ಗಿಡ್ಡ ಎಳೆಗಳನ್ನು ಬಿಡುತ್ತದೆ. ಬಿಸಿಲಿನ ದಿನ ಗೊತ್ತಾಗುವುದಿಲ್ಲ. ಮಂಜು ಬಿದ್ದ ದಿನ ಆ ಗಿಡ್ಡ ಎಳೆಗಳೆಲ್ಲ ಎದ್ದು ನಿಂತು ಮೇಲಿನ ಕೂದಲನ್ನೂ ತಳ್ಳುತ್ತವೆ. ರೇಜರ್‌ನಿಂದ ತುದಿ ಕೆರೆಯುವುದೂ ಬೇಡ. ಹಣೆ ಮೇಲಿನ ಗಿಡ್ಡ ಫ್ರಿಂಜ್ ಈ ಹವೆಗಲ್ಲ.

ಕೂದಲನ್ನು ನೇರ, ನುಣುಪು ಮಾಡುವ ಸ್ಮೂತ್ನಿಂಗ್, ಕೆರಟಿನ್ ಮಾಡಿಸಿ ಎಂಬ ಸಲಹೆಯೂ ಬರಬಹುದು. ಅಲೆ ಬೇಕು ಎಂದು ಹೋದವರಿಗೆ ಇದ್ಯಾಕೆ? ಇಂಥ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಆವಿ ಬಿಡುತ್ತವೆ. ಮಳೆಗೆ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಕಣ್ಣು, ಗಂಟಲಿಗೆ ಉರಿ. ಮೇಲಾಗಿ, ಹೊಸದಾಗಿ ಬರುವ ಕೂದಲು ಅಲೆಯಾಗಿಯೇ ಬರುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬುಡ ಒಂದು ಥರ, ತುದಿ ಒಂದು ಥರ ಇಟ್ಟುಕೊಂಡು ಬಹಳ ಕಾಲ ಓಡಾಡಬೇಕಾಗುತ್ತದೆ.

ತೊಳೆದ ಮೇಲಿನ ಹದಿನೈದು ನಿಮಿಷ

ಕೂದಲಿನ ಪ್ರೋಟೀನ್ ಎಳೆಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ನೀರಿನಲ್ಲಿ ಬಿಡುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿತ್ತೋ ಅದೇ ನಿಲ್ಲುತ್ತದೆ. ಗಾಳಿಯ ತೇವ ಒಳಗೆ ಹೋದರೆ ಮತ್ತೆ ಸಡಿಲ. ಮಳೆಗಾಲದಲ್ಲಿ ಕೂದಲು ಕೆದರಲು ಇದೇ ಕಾರಣ. ಅಂದರೆ ಕೆಲಸವೆಲ್ಲ ಒದ್ದೆಯಲ್ಲೇ ಮುಗಿಯಬೇಕು.

ತೊಳೆಯುವ ಒಂದು ಗಂಟೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಅದು ಕೂದಲೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಡಿಕೇರಿಯ ಚಳಿಗೆ ಬಾಟಲಿಯಿಂದ ಬರುವುದೇ ಇಲ್ಲ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ನಿಲ್ಲಿಸಿ. ತೊಳೆದ ಮೇಲೆ ಮಾತ್ರ ಧಾರಾಳವಾಗಿ ಎಣ್ಣೆ ಹಾಕಬೇಡಿ, ಅಲೆ ಮಲಗಿಬಿಡುತ್ತದೆ. ಹಂಡೆಯ ಕುದಿನೀರನ್ನು ಹಾಗೇ ಸುರಿದುಕೊಳ್ಳುವುದೂ ಬೇಡ. ಉಗುರುಬೆಚ್ಚಗಿದ್ದರೆ ಸಾಕು.

ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಸಿಕ್ಕು ಬಿಡಿಸಿ, ತೊಳೆಯಿರಿ. ಟವಲ್‌ನಿಂದ ಗಸಗಸ ತಿಕ್ಕಬೇಡಿ. ಹಳೇ ಹತ್ತಿ ಟೀ ಶರ್ಟ್‌ನಲ್ಲಿ ಹಿಡಿದು ಹಿಂಡಿ. ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ನೆಲ್ಲಿಕಾಯಿ ಗಾತ್ರದಷ್ಟು ಜೆಲ್ ಅಂಗೈಗೆ ಹಾಕಿ ಎಲ್ಲ ಕಡೆ ಸವರಿ. ತಲೆ ಬಗ್ಗಿಸಿ, ತುದಿಯನ್ನು ಅಂಗೈಯಲ್ಲಿ ತುಂಬಿಕೊಂಡು ಬುಡದ ಕಡೆಗೆ ಒತ್ತಿ, ಬಿಡಿ. ಪಚಕ್ ಪಚಕ್ ಸದ್ದು ಬಂದರೆ ನೀರು ಸರಿಯಾಗಿದೆ ಎಂದು ಅರ್ಥ. ಬೈತಲೆ ಈಗಲೇ ತೆಗೆದುಕೊಳ್ಳಿ. ಆಮೇಲೆ ಒಣಗುವ ತನಕ ಕೈ ಹಾಕಬೇಡಿ. ಕಷ್ಟ ಇರುವುದು ಇಲ್ಲೇ!

ಒಣಗಿದಾಗ ಕೂದಲು ಗಟ್ಟಿಯಾಗಿ, ಮುಟ್ಟಿದರೆ ಚರಚರ ಅನ್ನುತ್ತದೆ. ಹೆದರಬೇಡಿ. ಆ ಜೆಲ್ ಪದರವೇ ತೇವವನ್ನು ಹೊರಗಿಟ್ಟಿದ್ದು. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡೇ ಹನಿ ಎಣ್ಣೆ ಸವರಿಕೊಂಡು ಮೆಲ್ಲಗೆ ಹಿಚುಕಿ. ಗಟ್ಟಿತನ ಹೋಗಿ ಅಲೆ ಉಳಿಯುತ್ತದೆ.

ಅಂಗಡಿ ಜೆಲ್ ಬೇಡ ಅನ್ನುವವರು ಎರಡು ಚಮಚ ಅಗಸೆ ಬೀಜವನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಲೋಳೆ ಬರುತ್ತಿದ್ದಂತೆ ಬಿಸಿ ಇರುವಾಗಲೇ ಸೋಸಿಕೊಳ್ಳಿ. ಆರಿದರೆ ಸೋಸಲು ಆಗುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಕೊಳ್ಳುವ ಜೆಲ್ ಆದರೆ ಪಟ್ಟಿಯಲ್ಲಿ ಗ್ಲಿಸರಿನ್ ಮೊದಮೊದಲೇ ಇದೆಯಾ ನೋಡಿ. ಗ್ಲಿಸರಿನ್ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲಕ್ಕೆ ಬೇಡ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿನವರಿಗೆ ಇಷ್ಟೆಲ್ಲ ಜೆಲ್ ಬೇಕಾಗದು.

ಡ್ರೈಯರ್‌ಗೆ ಡಿಫ್ಯೂಸರ್ (ಗಾಳಿಯನ್ನು ಹರಡುವ ಅಗಲ ಬಾಯಿ) ಸಿಕ್ಕಿಸಿ ಕಡಿಮೆ ಬಿಸಿ, ಕಡಿಮೆ ಗಾಳಿಯಲ್ಲಿ ಒಣಗಿಸಿ. ಕರೆಂಟ್ ಇಲ್ಲದಿದ್ದರೆ ಬಚ್ಚಲೊಲೆ ಬೆಚ್ಚಗಿರುವ ಜಾಗವೇ ಗತಿ. ಒಂದು ಮಾರು ದೂರ ಕೂರಿ, ಹೊಗೆ ವಾಸನೆ ಮಾತ್ರ ಉಚಿತ. ರಾತ್ರಿ ತೊಳೆದು ಒದ್ದೆ ತಲೆಯಲ್ಲಿ ಮಲಗಬೇಡಿ. ಅಲೆ ಚಪ್ಪಟೆಯಾಗುತ್ತದೆ, ಬುಡದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಮಧ್ಯಾಹ್ನವೇ ತೊಳೆದರೆ ಒಳ್ಳೆಯದು. ಬಿಸಿ ರಾಡ್ ಅಥವಾ ಸ್ಟ್ರೇಟ್ನರ್ ಬಳಸಲೇಬೇಕಿದ್ದರೆ ಪೂರ್ತಿ ಒಣಗಿದ ಕೂದಲಿಗೆ, 180 ಡಿಗ್ರಿಯೊಳಗೆ. ಒದ್ದೆ ಕೂದಲಿಗೆ ಹಿಡಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಕಟ್ಟಿ, ಕೂದಲು ಅಲ್ಲೇ ತುಂಡಾಗುತ್ತದೆ.

ಮರುದಿನ ಮತ್ತೆ ತೊಳೆಯುವ ಅಗತ್ಯವಿಲ್ಲ. ಕೈ ಒದ್ದೆ ಮಾಡಿಕೊಂಡು, ಕೆದರಿದ ಕಡೆ ಮಾತ್ರ ಒತ್ತಿ. ಹೆಲ್ಮೆಟ್ ಅಥವಾ ರೇನ್‌ಕೋಟ್ ಟೋಪಿ ಹಾಕುವಾಗ ಬಟ್ಟೆ ಹೊದಿಸಿದ ಬ್ಯಾಂಡ್‌ನಿಂದ ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಿಕೊಳ್ಳಿ. ಹಬ್ಬಕ್ಕೆ ದೊಡ್ಡ ತುರುಬು ಬೇಕಿದ್ದರೆ ಚೌರಿ ಇದ್ದೇ ಇದೆ.

ಎಂಟು ಹತ್ತು ವಾರಕ್ಕೊಮ್ಮೆ ತುದಿ ಟ್ರಿಮ್ ಮಾಡಿಸಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ ಒಮ್ಮೆ. ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದ ಮೇಲೆ ಇನ್ನೊಮ್ಮೆ. ಸುಗ್ಗಿ ಹಬ್ಬ ಪುತ್ತರಿಗೋ ಮದುವೆಗೋ ಮಾಡಿಸುವುದಾದರೆ ಎರಡು ವಾರ ಮೊದಲೇ ಹೋಗಿ. ಹೊಸ ಕಟ್ ಕೂರಲು ಅಷ್ಟು ದಿನ ಬೇಕು, ಹಬ್ಬದ ಹಿಂದಿನ ದಿನ ಹೋದರೆ ಪಾರ್ಲರ್‌ನಲ್ಲಿ ಕೂರಲು ಜಾಗವೂ ಸಿಗುವುದಿಲ್ಲ.